ಗೋಲ್ಡ್‌ಫಿಶ್ ತರುವ ತಿಂಗಳ ಮೊದಲೇ ನೀರು ತುಂಬಿಸಿ

ಮುಂಬಯಿಯ ಕ್ರಾಫರ್ಡ್ ಮಾರ್ಕೆಟ್ಟಿನ ಮೀನಿನಂಗಡಿಗಳ ಮುಂದೆ ಮಕ್ಕಳು ಹಟ ಹಿಡಿದರೆ ಆಗುವುದು ಬಹುತೇಕ ಒಂದೇ. ಒಂದು ದುಂಡನೆಯ ಗಾಜಿನ ಬೋಗುಣಿ, ಒಂದು ಜೊತೆ ಗೋಲ್ಡ್‌ಫಿಶ್, ಒಂದು ಡಬ್ಬಿ ಆಹಾರ ಅದೇ ಸಂಜೆ ಮನೆ ಸೇರುತ್ತವೆ. ಕೆಲವೇ ವಾರಗಳಲ್ಲಿ ಮೀನು ಸಾಯುತ್ತದೆ. ಮನೆಗೆ ಬರಬೇಕಿದ್ದ ಕೆಡುಕನ್ನು ಅದು ಹೊತ್ತುಕೊಂಡು ಹೋಯಿತೆಂದು ಹಿರಿಯರು ಸಮಾಧಾನ ಹೇಳುವುದುಂಟು. ಆದರೆ ಮೀನು ಸತ್ತದ್ದು ತನ್ನದೇ ಕಿವಿರಿನಿಂದ ಹೊರಬಿದ್ದ ಅಮೋನಿಯಾ ತುಂಬಿದ ನೀರಿನಲ್ಲಿ. ಸರಿಯಾಗಿ ಸಾಕಿದರೆ ಗೋಲ್ಡ್‌ಫಿಶ್ ಹತ್ತು ಹದಿನೈದು ವರ್ಷ ಬಾಳುತ್ತದೆ. ಇಂಗ್ಲೆಂಡಿನ ಟಿಶ್ ಎಂಬ ಗೋಲ್ಡ್‌ಫಿಶ್ 43 ವರ್ಷ ಬದುಕಿ 1999ರಲ್ಲಿ ಸತ್ತಿತು.

ಇದು ಕಾರ್ಪ್ ಕುಟುಂಬದ ಮೀನು. ಉದ್ದ ಬಾಲದ ಕಾಮೆಟ್ ಒಂದಡಿಯವರೆಗೂ ಬೆಳೆಯಬಲ್ಲದು. ಒರಾಂಡಾ, ರ‍್ಯೂಕಿನ್, ಬ್ಲ್ಯಾಕ್ ಮೂರ್‌ನಂಥ ದುಂಡು ಹೊಟ್ಟೆಯವು ಆರೇಳು ಇಂಚು. ಫ್ಲಾಟಿನಲ್ಲಿ ಇರುವವರು ದುಂಡು ಜಾತಿಯವನ್ನೇ ಆರಿಸಿಕೊಳ್ಳಿ. ಮೊದಲ ಮೀನಿಗೆ ಕನಿಷ್ಠ 75 ಲೀಟರ್, ನಂತರದ ಪ್ರತಿಯೊಂದಕ್ಕೂ 40 ಲೀಟರ್ ಎಂಬ ಲೆಕ್ಕ ಹಿಡಿಯಿರಿ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿ ಹಿಡಿಯುವುದು 57 ಲೀಟರ್ ಅಷ್ಟೇ. ಒಂದು ಮೀನಿಗೂ ಅದು ಕಡಿಮೆ. ಮೂರಡಿ ಉದ್ದ, 15 ಇಂಚು ಅಗಲ, 18 ಇಂಚು ಎತ್ತರದ್ದಾದರೆ 159 ಲೀಟರ್. ಮೂರು ಮೀನುಗಳಿಗೆ ಅದು ಹಿತವಾದ ಮನೆ. ಎಂಟು ಕೆಂಪು, ಒಂದು ಕಪ್ಪು ಮೀನು ಇಟ್ಟರೆ ಸಂಪತ್ತು ಬರುತ್ತದೆಂದು ಫೆಂಗ್ ಶೂಯಿ ನಂಬುವ ಮನೆಗಳು ಈ ನಗರದಲ್ಲಿ ಬಹಳ ಇವೆ. ಆ ಒಂಬತ್ತು ಮೀನುಗಳಿಗೆ ಸುಮಾರು 400 ಲೀಟರ್ ತೊಟ್ಟಿ ಬೇಕು. ಅಷ್ಟು ಜಾಗವಿಲ್ಲದಿದ್ದರೆ ದಯವಿಟ್ಟು ಒಂಬತ್ತು ತರಬೇಡಿ.

ಜಾಗ ಮೊದಲು ನೋಡಿ

ಮೂರಡಿ ತೊಟ್ಟಿಯಲ್ಲಿ ನೀರೇ 159 ಕಿಲೋ. ಗಾಜು, ಕಲ್ಲು, ಸ್ಟ್ಯಾಂಡ್ ಸೇರಿದರೆ 200 ಕಿಲೋ ದಾಟುತ್ತದೆ. ಹಳೆಯ ಚಾಳಿನ ಮರದ ಅಟ್ಟದ ಮೇಲೆ, ಹೊರಚಾಚಿದ ಬಾಲ್ಕನಿಯಲ್ಲಿ ಇದನ್ನು ಇಡಲೇಬಾರದು. ಭಾರ ಹೊರುವ ಗೋಡೆಗೆ ಹೊಂದಿಸಿ, ಮಟ್ಟಸವಾದ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಥರ್ಮಾಕೋಲ್ ಹಾಳೆ ಹಾಸಿ ಕೂರಿಸಿ. ಕಿಟಕಿಯ ನೇರ ಬಿಸಿಲು ಬಿದ್ದರೆ ಪಾಚಿ ಕಟ್ಟುತ್ತದೆ, ನೀರೂ ಕಾಯುತ್ತದೆ. ತೊಟ್ಟಿ ತಂದ ಕೂಡಲೇ ನೀರು ತುಂಬಿಸಿ, ಕೆಳಗೆ ಕಾಗದ ಹಾಸಿ, ಎರಡು ದಿನ ಬಿಟ್ಟು ಸೋರಿಕೆ ಇದೆಯೇ ನೋಡಿ. ಕೆಳಗಿನ ಮನೆಯವರ ಛಾವಣಿ ನೆನೆದ ಮೇಲೆ ನೋಡಿದರೆ ಪ್ರಯೋಜನವಿಲ್ಲ. ವೈರುಗಳು ಪ್ಲಗ್ಗಿಗಿಂತ ಕೆಳಗೆ ಜೋತು ಬಿದ್ದಿರಲಿ. ವೈರಿನ ಮೇಲೆ ಹರಿದ ನೀರು ಸ್ವಿಚ್‌ಬೋರ್ಡಿಗೆ ಹೋಗದೆ ನೆಲಕ್ಕೆ ತೊಟ್ಟಿಕ್ಕುತ್ತದೆ.

ಗೋಲ್ಡ್‌ಫಿಶ್ ತಂಪು ನೀರಿನದು, 18ರಿಂದ 24 ಡಿಗ್ರಿ ಅದಕ್ಕೆ ಹಿತ. ಮುಂಬಯಿಯಲ್ಲಿ ಹೀಟರ್ ಬೇಡವೇ ಬೇಡ. ಏಪ್ರಿಲ್, ಮೇ ತಿಂಗಳಲ್ಲಿ ನೀರು 30 ಡಿಗ್ರಿ ಮುಟ್ಟಿದಾಗ ಅದರಲ್ಲಿ ಕರಗಿರುವ ಆಮ್ಲಜನಕ ಇಳಿಯುತ್ತದೆ. ಮೀನು ಮೇಲೆ ಬಂದು ಬಾಯಿ ತೆರೆಯುತ್ತದೆ. ಆಗ ಮುಚ್ಚಳ ತೆಗೆದು ಬಲೆ ಹೊದಿಸಿ, ನೀರಿನ ಮೇಲ್ಮೈಗೆ ಸಣ್ಣ ಫ್ಯಾನಿನ ಗಾಳಿ ಬಿಡಿ. ಎರಡು ಮೂರು ಡಿಗ್ರಿ ಇಳಿಯುತ್ತದೆ. ಏರ್ ಪಂಪ್ ಹಗಲೂ ರಾತ್ರಿ ಓಡಲಿ. ಕರೆಂಟು ಆಗಾಗ ಹೋಗುವ ಬಡಾವಣೆಯವರು ಬ್ಯಾಟರಿಯ ಏರ್ ಪಂಪ್ ಒಂದನ್ನು ಸಿದ್ಧವಾಗಿಟ್ಟುಕೊಳ್ಳಿ.

ನೀರನ್ನು ಹದಗೊಳಿಸುವ ಬಗೆ

ಜನ ಬಿಟ್ಟುಬಿಡುವ ಹಂತ ಇದು. ಮೀನುಗಳು ಸಾಯುವುದೂ ಹೆಚ್ಚಾಗಿ ಇದರಿಂದಲೇ.

ತಾನ್ಸಾ, ಭಾತ್ಸಾ, ವೈತರಣಾ ಮೊದಲಾದ ಜಲಾಶಯಗಳಿಂದ ಬಂದು ಭಾಂಡುಪ್‌ನಂಥ ಘಟಕಗಳಲ್ಲಿ ಶುದ್ಧವಾಗಿ ನಲ್ಲಿಗೆ ಬರುವ ಪಾಲಿಕೆಯ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಅದು ಮೀನಿನ ಕಿವಿರನ್ನು ಸುಡುತ್ತದೆ. ಬಕೆಟ್ಟಿನಲ್ಲಿ 24 ಗಂಟೆ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ; ಹೆಚ್ಚು ಭರವಸೆಯ ದಾರಿ ಅಂಗಡಿಯಲ್ಲಿ ಸಿಗುವ ಕ್ಲೋರಿನ್ ನಿವಾರಕ ದ್ರವ. ನಮ್ಮ ಕೆರೆ ನೀರು ಮೆದು, ಸುಣ್ಣದ ಅಂಶ ಕಡಿಮೆ. ಹಾಗಾಗಿ ದಿನ ಕಳೆದಂತೆ ತೊಟ್ಟಿಯ ನೀರು ಆಮ್ಲೀಯವಾಗುವ ಸಂಭವವಿದೆ. ಫಿಲ್ಟರ್ ಒಳಗೆ ತೊಳೆದ ಹವಳದ ಚೂರುಗಳ ಸಣ್ಣ ಚೀಲ ಇಟ್ಟರೆ ಅದು ನಿಲ್ಲುತ್ತದೆ. ಟ್ಯಾಂಕರ್ ಅಥವಾ ಬೋರ್‌ವೆಲ್ ನೀರನ್ನೇ ನಂಬಿರುವವರಿಗೆ ಹವಳ ಬೇಡ. ಆ ನೀರು ಮೊದಲೇ ಗಡುಸು.

ಫಿಲ್ಟರ್ ಗಂಟೆಗೆ ತೊಟ್ಟಿಯ ನೀರನ್ನು ಐದಾರು ಸಲ ಹರಿಸುವಂತಿರಲಿ. 159 ಲೀಟರಿಗೆ ಗಂಟೆಗೆ 1,000 ಲೀಟರಿನ ಪಂಪ್ ಸಾಕು. ಫಿಲ್ಟರಿನ ಸ್ಪಂಜಿನಲ್ಲಿ ಎರಡು ಬಗೆಯ ಬ್ಯಾಕ್ಟೀರಿಯಾ ಬೆಳೆಯಬೇಕು. ಒಂದು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಆ ನೈಟ್ರೈಟನ್ನು ಅಷ್ಟಾಗಿ ಕೆಡುಕಿಲ್ಲದ ನೈಟ್ರೇಟ್ ಮಾಡುತ್ತದೆ. ಇವು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಮೀನಿಲ್ಲದ ತೊಟ್ಟಿಗೆ ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕಿ ಫಿಲ್ಟರ್ ಓಡಿಸಿ. ಆಹಾರ ಕೊಳೆತು ಅಮೋನಿಯಾ ಹುಟ್ಟುತ್ತದೆ, ಅದನ್ನು ತಿಂದು ಬ್ಯಾಕ್ಟೀರಿಯಾ ಬೆಳೆಯುತ್ತವೆ. ಪರಿಚಯದವರ ಹಳೆಯ, ರೋಗವಿಲ್ಲದ ತೊಟ್ಟಿಯ ಸ್ಪಂಜಿನ ಒಂದು ತುಂಡು ಸಿಕ್ಕರೆ ಹಾಲಿಗೆ ಹೆಪ್ಪು ಹಾಕಿದಂತೆ ಕೆಲಸ ಬೇಗ ಆಗುತ್ತದೆ. ಟೆಸ್ಟ್ ಕಿಟ್ ಕೊಳ್ಳಲು ಹಿಂಜರಿಯಬೇಡಿ. ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆ ತೋರಿಸಿದ ದಿನ ಮೀನು ತನ್ನಿ.

ತಳಕ್ಕೆ ನುಣುಪು ಮರಳು ಸಾಕು. ಬಣ್ಣದ ಚೂಪು ಕಲ್ಲು ಬೇಡ. ನೆಲ ಕೆದಕುವ ಈ ಮೀನಿನ ಬಾಯಲ್ಲಿ ಸಣ್ಣ ಕಲ್ಲು ಸಿಕ್ಕಿಕೊಳ್ಳುತ್ತದೆ. ಗಿಡಗಳಲ್ಲಿ ಅನೂಬಿಯಾಸ್, ಜಾವಾ ಫರ್ನ್ ಬಾಳುತ್ತವೆ, ಉಳಿದವನ್ನು ಮೀನು ಬಹುಪಾಲು ತಿಂದುಬಿಡುತ್ತದೆ.

ಮೀನು ಬಂದ ಮೇಲೆ

ರೆಕ್ಕೆ ನೆಟ್ಟಗಿರುವ, ಮೈಮೇಲೆ ಬಿಳಿ ಚುಕ್ಕೆಯಿಲ್ಲದ, ಚುರುಕಾದ ಮೀನನ್ನೇ ಆರಿಸಿ. ಅಂಗಡಿಗೆ ಬರುವ ಮೀನು ಸಾಮಾನ್ಯವಾಗಿ ಕೋಲ್ಕತ್ತ, ಚೆನ್ನೈ ಕಡೆಯಿಂದ ದೂರದ ಪ್ರಯಾಣ ಮಾಡಿ ದಣಿದಿರುತ್ತದೆ. ಲೋಕಲ್ ಟ್ರೇನಿನ ನೂಕುನುಗ್ಗಲಿನ ಹೊತ್ತು ತಪ್ಪಿಸಿ ಮನೆಗೆ ತನ್ನಿ. ಚೀಲವನ್ನು ಇಪ್ಪತ್ತು ನಿಮಿಷ ತೊಟ್ಟಿಯಲ್ಲಿ ತೇಲಿಬಿಟ್ಟು, ನಂತರ ಮೀನನ್ನಷ್ಟೇ ಒಳಗೆ ಬಿಡಿ. ಚೀಲದ ನೀರು ಮೋರಿಗೆ. ಪಾಚಿ ತಿನ್ನುತ್ತದೆಂದು ಅಂಗಡಿಯವರು ಹೇಳಿದರೂ ಸಕ್ಕರ್ ಫಿಶ್ ಕೊಳ್ಳಬೇಡಿ. ರಾತ್ರಿ ಅದು ಗೋಲ್ಡ್‌ಫಿಶ್‌ನ ಮೈಯ ಲೋಳೆಯನ್ನೇ ಹೀರುತ್ತದೆ.

ಮುಳುಗುವ ಗುಳಿಗೆಯ ಆಹಾರವನ್ನು ನೆನೆಸಿ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಮಾತ್ರ ಹಾಕಿ. ಗೋಲ್ಡ್‌ಫಿಶ್‌ಗೆ ಜಠರವಿಲ್ಲ, ಕರುಳಷ್ಟೇ ಇದೆ. ಬ್ರೆಡ್, ಬಿಸ್ಕತ್ತು ಅದಕ್ಕೆ ರೋಗ ತರುತ್ತವೆ. ವಾರಕ್ಕೊಮ್ಮೆ ಬೇಯಿಸಿ ಸಿಪ್ಪೆ ತೆಗೆದ ಹಸಿ ಬಟಾಣಿ ಕೊಡಬಹುದು.

ವಾರಕ್ಕೊಮ್ಮೆ ಕಾಲು ಭಾಗ, ಅಂದರೆ ಎರಡು ಮೂರು ಬಕೆಟ್ ನೀರು ಬದಲಿಸಿ. ಪೂರ್ತಿ ಖಾಲಿ ಮಾಡಿ ತೊಳೆಯುವ ಪದ್ಧತಿಯನ್ನು ಬಿಟ್ಟುಬಿಡಿ. ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದರೆ ತಿಂಗಳ ಶ್ರಮ ಕ್ಲೋರಿನ್‌ಗೆ ಬಲಿ. ತೆಗೆದ ನೀರಿನಲ್ಲೇ ಅದನ್ನು ಹಿಂಡಿ. ಆ ನೀರು ಬಾಲ್ಕನಿಯ ತುಳಸಿಗೆ, ಮಲ್ಲಿಗೆಗೆ ಒಳ್ಳೆಯ ಗೊಬ್ಬರ. ಮಳೆಗೆ ಮುನ್ನ ಪಾಲಿಕೆ ನೀರು ಕಡಿತ ಮಾಡುವ ದಿನಗಳಿಗಾಗಿ ಮುಚ್ಚಿದ ಒಂದು ಡ್ರಮ್ ಯಾವಾಗಲೂ ತುಂಬಿರಲಿ.

ಮೇ ರಜೆಗೆ ಮತ್ಸ್ಯಗಂಧ ರೈಲು ಹತ್ತಿ ಊರಿಗೆ ಹೋಗುವವರು ಹೆದರಬೇಕಿಲ್ಲ. ಬೆಳೆದ, ಆರೋಗ್ಯವಾಗಿರುವ ಗೋಲ್ಡ್‌ಫಿಶ್ ಒಂದು ವಾರ ಆಹಾರವಿಲ್ಲದೆ ಇರಬಲ್ಲದು. ಅದಕ್ಕಿಂತ ಹೆಚ್ಚು ದಿನ ಹೋಗುವುದಾದರೆ ಒಂದೊಂದು ಹೊತ್ತಿನ ಆಹಾರವನ್ನು ಅಳೆದು ಪೊಟ್ಟಣ ಕಟ್ಟಿ ಪಕ್ಕದ ಮನೆಯವರ ಕೈಗೆ ಕೊಡಿ. ಡಬ್ಬಿ ಕೊಟ್ಟರೆ ಪ್ರೀತಿಯಿಂದಲೇ ಹೆಚ್ಚು ಹಾಕುತ್ತಾರೆ, ನೀರು ಕೆಡುತ್ತದೆ. ಫಿಲ್ಟರಿನ ಸ್ವಿಚ್ ಯಾರೂ ಮುಟ್ಟದಂತೆ ಪಟ್ಟಿ ಅಂಟಿಸಿ ಹೊರಡಿ.

ಸಾಕಲು ಆಗದ ದಿನ ಬಂದರೆ ಮೀನನ್ನು ಪವಾಯಿ ಕೆರೆಗೋ ದೇವಸ್ಥಾನದ ಕಲ್ಯಾಣಿಗೋ ಬಿಡಬೇಡಿ. ಗೋಲ್ಡ್‌ಫಿಶ್ ಕೆರೆಯ ತಳ ಕೆದಕಿ ನೀರು ಕದಡುತ್ತದೆ, ಅಲ್ಲಿನ ಮೀನುಗಳಿಗೆ ರೋಗ ಹರಡಬಲ್ಲದು. ದೊಡ್ಡ ತೊಟ್ಟಿ ಇರುವವರಿಗೆ ಕೊಡಿ, ಇಲ್ಲವೇ ಕೊಂಡ ಅಂಗಡಿಗೇ ಹಿಂತಿರುಗಿಸಿ.