ಸತ್ತ ದನದ ದೇಹದಲ್ಲಿ ಉಳಿಯುವ ಔಷಧ: ಸದಸ್ಯರು ತಿಳಿದಿರಬೇಕಾದ ಅಂಶಗಳು

ದನಕ್ಕೆ ನೀಡಿದ ಔಷಧವು ಅದರ ದೇಹದಲ್ಲಿ ಎಷ್ಟು ಕಾಲ ಉಳಿಯುತ್ತದೆ ಎಂಬುದು ಪಶುವೈದ್ಯರಿಗೆ ಮಾತ್ರ ಸಂಬಂಧಿಸಿದ ವಿಷಯವಲ್ಲ. ಸತ್ತ ಜಾನುವಾರುಗಳ ವಿಲೇವಾರಿಯು ಗ್ರಾಮದ ನೈರ್ಮಲ್ಯಕ್ಕೆ ಸೇರಿದ್ದರಿಂದ ಸದಸ್ಯರಿಗೂ ಇದರ ಅರಿವು ಅವಶ್ಯಕ. ಡೈಕ್ಲೋಫೆನಾಕ್ ಎಂಬ ನೋವುನಿವಾರಕ ಇದಕ್ಕೆ ತಕ್ಕ ಉದಾಹರಣೆ.

ಜೀವಂತ ದನದ ರಕ್ತದಲ್ಲಿ ಈ ಔಷಧದ ಪ್ರಮಾಣವು ಸುಮಾರು 12 ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಅಂದರೆ 24 ಗಂಟೆಗಳ ನಂತರ ನಾಲ್ಕನೆಯ ಒಂದು ಭಾಗ, 48 ಗಂಟೆಗಳ ನಂತರ ಹದಿನಾರನೆಯ ಒಂದು ಭಾಗ ಉಳಿಯುತ್ತದೆ. ಯಕೃತ್ತು, ಮೂತ್ರಪಿಂಡ ಮತ್ತು ಕರುಳಿನಲ್ಲಿ 71 ಗಂಟೆಗಳ ನಂತರವೂ ಇದು ಪತ್ತೆಯಾಗಿದೆ. ದನ ಸತ್ತೊಡನೆ ಔಷಧವನ್ನು ಹೊರಹಾಕುವ ಕ್ರಿಯೆ ನಿಲ್ಲುತ್ತದೆ. ಆ ಕ್ಷಣದಲ್ಲಿ ಇದ್ದ ಔಷಧ ಕಳೇಬರದಲ್ಲಿಯೇ ಉಳಿಯುತ್ತದೆ. ಕಾಯಿಲೆ ಉಲ್ಬಣಿಸಿದಾಗ ಚುಚ್ಚುಮದ್ದು ಪಡೆದು ಒಂದೆರಡು ದಿನಗಳಲ್ಲಿ ಸತ್ತ ದನವೇ ಹೆಚ್ಚು ಅಪಾಯಕಾರಿ.

ಅಂತಹ ಕಳೇಬರವನ್ನು ತಿಂದ ರಣಹದ್ದುಗಳ ಮೂತ್ರಪಿಂಡ ವಿಫಲವಾಗಿ, ಅವು ಕೆಲವೇ ದಿನಗಳಲ್ಲಿ ಸಾಯುತ್ತವೆ. 1992ರಿಂದ 2007ರ ಅವಧಿಯಲ್ಲಿ ಭಾರತದ ಬಿಳಿಬೆನ್ನಿನ ರಣಹದ್ದುಗಳ ಸಂಖ್ಯೆ ಶೇ. 99ಕ್ಕಿಂತಲೂ ಹೆಚ್ಚು ಕುಸಿಯಿತು. ಊರಿನ ಹೊರಗಿನ ಕಳೇಬರಗಳನ್ನು ಅವು ಶುಚಿಗೊಳಿಸುತ್ತಿದ್ದ ಕಾರ್ಯವೂ ಅದರೊಂದಿಗೆ ನಿಂತಿತು. ನಮ್ಮ ರಾಜ್ಯದ ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮವೆಂದು ಘೋಷಿಸಲಾಗಿದೆ. ಆದರೆ ಹಕ್ಕಿಗಳ ಆಹಾರವು ಧಾಮದ ಗಡಿಗೆ ಸೀಮಿತವಲ್ಲ. ಸುತ್ತಲಿನ ಗ್ರಾಮಗಳ ಕಳೇಬರಗಳೂ ಸುರಕ್ಷಿತವಾಗಿರಬೇಕು.

ಪಶು ಚಿಕಿತ್ಸೆಗಾಗಿ ಡೈಕ್ಲೋಫೆನಾಕ್ ತಯಾರಿಕೆಯನ್ನು 2006ರಲ್ಲಿ ನಿಷೇಧಿಸಲಾಯಿತು. ಮನುಷ್ಯರ ಬಳಕೆಯ ದೊಡ್ಡ ಸೀಸೆಗಳು ದನಗಳಿಗೆ ಬಳಕೆಯಾಗುತ್ತಿದ್ದುದರಿಂದ 2015ರಲ್ಲಿ ಚುಚ್ಚುಮದ್ದಿನ ಸೀಸೆಯನ್ನು 3 ಮಿಲಿ ಲೀಟರ್‌ಗೆ ಮಿತಿಗೊಳಿಸಲಾಯಿತು. 2023ರಲ್ಲಿ ಕೀಟೊಪ್ರೊಫೇನ್ ಮತ್ತು ಅಸಿಕ್ಲೋಫೆನಾಕ್‌ಗಳ ಪಶು ಬಳಕೆಯನ್ನೂ ನಿಷೇಧಿಸಲಾಗಿದೆ. ಮೆಲಾಕ್ಸಿಕ್ಯಾಮ್ ರಣಹದ್ದುಗಳಿಗೆ ಸುರಕ್ಷಿತವಾದ ಪರ್ಯಾಯ ಔಷಧವಾಗಿದೆ.

ಸದಸ್ಯರು ಕೈಗೊಳ್ಳಬಹುದಾದ ಕ್ರಮಗಳು:

1. ದನ ಸತ್ತ ಮಾಹಿತಿ ಬಂದಾಗ, ಕೊನೆಯ ದಿನಗಳಲ್ಲಿ ಯಾವ ಔಷಧವನ್ನು, ಯಾರು, ಯಾವಾಗ ನೀಡಿದರು ಎಂದು ಮಾಲೀಕರಿಂದ ತಿಳಿದುಕೊಳ್ಳುವುದು.

2. ಚಿಕಿತ್ಸೆ ಪಡೆದು ಸತ್ತ ದನವನ್ನು ಬಯಲಿನಲ್ಲಿ ಬಿಡದೆ, ನೀರಿನ ಮೂಲಗಳಿಂದ ದೂರದಲ್ಲಿ ಆಳವಾದ ಗುಂಡಿ ತೋಡಿಸಿ ಹೂಳಿಸುವುದು. ಔಷಧದ ಹೆಸರು ತಿಳಿಯದಿದ್ದರೂ ಇದೇ ಕ್ರಮ ಸೂಕ್ತ.

3. ಮನುಷ್ಯರ ನೋವಿನ ಚುಚ್ಚುಮದ್ದನ್ನು ದನಗಳಿಗೆ ಹಾಕಿಸದಂತೆ, ಪಶುವೈದ್ಯರ ಸಲಹೆಯಂತೆಯೇ ಔಷಧ ಪಡೆಯುವಂತೆ ಗ್ರಾಮ ಸಭೆಯಲ್ಲಿ ಮತ್ತು ಹಾಲಿನ ಡೈರಿಯಲ್ಲಿ ರೈತರಿಗೆ ತಿಳಿಸುವುದು.

ಕಳೇಬರವನ್ನು ಹೊರಗೆ ಸಾಗಿಸುವ ಮೊದಲು ಈ ವಿಚಾರಣೆ ನಡೆಯಬೇಕು. ಹದ್ದು ಬಂದು ತಿಂದ ನಂತರ ಮಾಡಬಹುದಾದುದು ಏನೂ ಉಳಿಯುವುದಿಲ್ಲ.