ಬೆನ್ನ ಮೇಲಿನ ಹಿಮ ಕರಗದ ಕುದುರೆ

ಎಕ್ಸ್‌ಮೂರ್ ಕುದುರೆಯನ್ನು ಅರಿಯಬೇಕಾದರೆ ಮಳೆಯಲ್ಲಿ ನೋಡಬೇಕು. ಇಂಗ್ಲೆಂಡಿನ ನೈಋತ್ಯದಲ್ಲಿ, ಸಾಮರ್ಸೆಟ್ ಮತ್ತು ಡೆವನ್ ಸೇರುವಲ್ಲಿರುವ ಗುಡ್ಡಗಾಡು ಅದರ ನೆಲೆ. ಟಾಂಟನ್ ಊರಿನಲ್ಲಿ ಕೆಲಸಕ್ಕಿದ್ದಾಗ, ರಜೆ ಸಿಕ್ಕಾಗಲೆಲ್ಲ ಈ ಕುದುರೆಗಳನ್ನು ಸಾಕುವ ಹಿರಿಯರೊಬ್ಬರ ಜೊತೆ ಅಲ್ಲಿಗೆ ಹೋಗುತ್ತಿದ್ದೆ. ತೀರ್ಥಹಳ್ಳಿ ಕಡೆಯವನಾದ ನನಗೆ ಮಳೆ ಹೊಸದಲ್ಲ. ಆದರೆ ಅಡ್ಡಡ್ಡ ಬೀಸುವ ಆ ಚಳಿಮಳೆಯಲ್ಲಿ, ಕೊಟ್ಟಿಗೆಯ ಹಂಗಿಲ್ಲದೆ ವರ್ಷವಿಡೀ ಬದುಕುವ ಕುದುರೆಗಳನ್ನು ಕಂಡದ್ದು ಅಲ್ಲೇ.

ಬಿಸಿಲಿನಲ್ಲಿ ಕಾಣುವುದು ಗಾತ್ರ, ಬಣ್ಣ ಅಷ್ಟೆ. ಭುಜದೆತ್ತರ ನಾಲ್ಕು ಅಡಿಯ ಆಸುಪಾಸು, ಗಿಡ್ಡ ಕಾಲು, ಅಗಲವಾದ ಎದೆ. ಕಂದು ಮೈ, ಕಣ್ಣಿನ ಸುತ್ತ ಮತ್ತು ಮೂತಿಗೆ ಹಿಟ್ಟು ಬಳಿದಂಥ ಮಾಸಲು ಬಣ್ಣ. ಬಿಳಿ ಮಚ್ಚೆ ಈ ತಳಿಯ ಲಕ್ಷಣವಲ್ಲ.

ಮಳೆ ಶುರುವಾದಾಗ ಅವು ಗಾಳಿಗೆ ಬೆನ್ನು ಕೊಟ್ಟು ನಿಲ್ಲುತ್ತವೆ. ಬಾಲದ ಬುಡದಲ್ಲಿ ಬೀಸಣಿಗೆಯಂತೆ ಹರಡಿದ ಗಿಡ್ಡ, ಒರಟು ಕೂದಲಿನ ಗುಚ್ಛವಿದೆ. ಬೆನ್ನಿನಿಂದ ಇಳಿದ ನೀರು ಅದಕ್ಕೆ ತಗುಲಿ ಎರಡೂ ಬದಿಗೆ ಹರಿದುಹೋಗುತ್ತದೆ, ತೊಡೆಯ ಒಳಭಾಗ ನೆನೆಯುವುದಿಲ್ಲ. ಕಣ್ಣಿನ ಮೇಲೂ ಕೆಳಗೂ ಮಾಂಸಲವಾದ ಅಂಚು ಉಬ್ಬಿಕೊಂಡಿದ್ದು, ಎರಚಲನ್ನು ತಡೆಯುತ್ತದೆ. ಅಲ್ಲಿಯವರು ಅದನ್ನು ಕಪ್ಪೆಗಣ್ಣು ಎನ್ನುತ್ತಾರೆ. ನನಗಂತೂ ಜಗತ್ತಿನ ಕುದುರೆಗಣ್ಣುಗಳಲ್ಲೇ ಚೆಂದದ್ದು ಅದು.

ಎಲ್ಲಕ್ಕಿಂತ ದೊಡ್ಡ ಪಾಠ ಕಲಿಸಿದ್ದು ಚಳಿಗಾಲದ ಕೂದಲು. ಆ ಹಿರಿಯರು ಒಮ್ಮೆ ತೊಯ್ದು ತೊಟ್ಟಿಕ್ಕುತ್ತಿದ್ದ ಹೆಣ್ಣು ಕುದುರೆಯೊಂದರ ಪಕ್ಕೆಗೆ ನನ್ನ ಕೈ ಹಿಡಿದು ಒತ್ತಿದರು. ಹೊರಗಿನ ಉದ್ದ ಕೂದಲು ಜಿಡ್ಡುಜಿಡ್ಡು, ಗೊರಬಿನ ಮೇಲಿಂದ ಇಳಿದಂತೆ ನೀರು ಅದರ ಮೇಲಿಂದ ಜಾರುತ್ತಿತ್ತು. ಬೆರಳು ಒಳಗಿಳಿಸಿದರೆ ಉಣ್ಣೆಯಂಥ ಇನ್ನೊಂದು ಪದರ. ಅದು ಒಣಗಿತ್ತು, ಬೆಚ್ಚಗಿತ್ತು. ಮೈಯ ಶಾಖ ಹೊರಗೆ ಸೋರದ ಕಾರಣ, ಹಿಮ ಬಿದ್ದರೆ ಬೆನ್ನ ಮೇಲೆ ಕರಗದೆ ಹಾಗೇ ಕೂರುತ್ತದೆ. ಅದನ್ನು ಕಂಡು ಮರುಗಿ, ಕಂಬಳಿ ಹೊದಿಸಬಾರದೇ ಎನ್ನುವವರಿದ್ದಾರೆ. ಹೊದಿಸಿದರೆ ಕೂದಲು ಮೈಗೆ ಒತ್ತಿಕೊಂಡು, ನಡುವೆ ನಿಂತ ಬೆಚ್ಚನೆಯ ಗಾಳಿಯೇ ಹೋಗಿಬಿಡುತ್ತದೆ.

ಇಂಥ ತಳಿಯೂ ಎರಡನೇ ಮಹಾಯುದ್ಧದ ಹೊತ್ತಿಗೆ ಅಳಿವಿನಂಚಿಗೆ ಬಂದಿತ್ತು. ಸೈನಿಕರ ಗುಂಡಿಗೂ ಮಾಂಸದ ಕಳ್ಳರಿಗೂ ಬಲಿಯಾಗಿ ಉಳಿದದ್ದು ಸುಮಾರು 50. ಮೇರಿ ಎಥರಿಂಗ್ಟನ್ ಎಂಬ ಮಹಿಳೆ ಮತ್ತು ಅವರಂಥವರು ಪಟ್ಟುಹಿಡಿದದ್ದರಿಂದ ತಳಿ ಉಳಿಯಿತು. ಅವರನ್ನು ನೆನೆದಾಗಲೆಲ್ಲ ನನಗೆ ಮನಸ್ಸು ತುಂಬಿ ಬರುತ್ತದೆ.

ಹೀಗೆ ಉಳಿದ ಕುದುರೆಯನ್ನು ಸಾಕುವಾಗಲೂ ಆ ಕೂದಲನ್ನು ಮರೆಯಬಾರದು. ಚಳಿಗಾಲದ ಕೊನೆಯಲ್ಲಿ ಕುದುರೆ ಸೊರಗಿದೆಯೇ ಎಂದು ದೂರದಿಂದ ಹೇಳಲಾಗದು. ದಟ್ಟ ಕೂದಲು ಎಲ್ಲವನ್ನೂ ಮುಚ್ಚಿರುತ್ತದೆ, ಪಕ್ಕೆಲುಬನ್ನು ಕೈಯಿಂದ ತಡವಿಯೇ ತಿಳಿಯಬೇಕು. ಕೊಂಚ ಇಳಿದಿದ್ದರೆ ಗಾಬರಿಯಿಲ್ಲ. ಮುಳ್ಳುಪೊದೆ, ಒರಟು ಹುಲ್ಲು ತಿಂದು ಚಳಿಗಾಲ ಕಳೆದು, ಬೇಸಿಗೆಯಲ್ಲಿ ಮೈ ತುಂಬಿಕೊಳ್ಳುವುದು ಅದರ ರೂಢಿ. ಪ್ರೀತಿಯಿಂದ ಹುಲುಸಾದ ಹುಲ್ಲುಗಾವಲಿಗೆ ಬಿಟ್ಟು ಕೊಬ್ಬಿಸಿದರೇ ಅಪಾಯ: ಗೊರಸಿನೊಳಗೆ ಉರಿಯೂತವಾಗಿ ಹೆಜ್ಜೆ ಎತ್ತಿಡಲೂ ಆಗದಂತಾಗುತ್ತದೆ.