ಗರಡಿಯ ನುಡಿ: ಕರ್ಜಗಿ ಸೀಮೆಯ ಮಣ್ಣಿನ ಕುಸ್ತಿಯ ಅಳಿವು–ಉಳಿವು

'ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ' ಎಂಬ ಗಾದೆ ಕನ್ನಡ ನಾಡಿನಲ್ಲೆಲ್ಲ ಬಳಕೆಯಲ್ಲಿದೆ. ಸೋತ ಮೇಲೂ ಸೋಲನ್ನು ಒಪ್ಪದವನ ಜಂಬವನ್ನು ಇದು ಹಂಗಿಸುತ್ತದೆ ಎಂದು ತರಗತಿಗಳಲ್ಲಿ ವಿವರಿಸಲಾಗುತ್ತದೆ. ವಿವರಣೆ ತಪ್ಪಲ್ಲ, ಆದರೆ ಅರ್ಧ. ಮಣ್ಣಿನ ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ತಾಗಿದರೆ ಸೋಲು. ಅದನ್ನು 'ಚಿತ್' ಆಗುವುದು ಎನ್ನುತ್ತಾರೆ. ಬೋರಲು ಬಿದ್ದು ನೆಲವನ್ನು ಕಚ್ಚಿಕೊಂಡವನು ಇನ್ನೂ ಸೋತಿರುವುದಿಲ್ಲ. ಅವನ ಮೀಸೆಗೆ ಮಣ್ಣು ಹತ್ತಿರುತ್ತದೆ, ಆದರೆ ಆಟ ಅವನ ಕೈಯಲ್ಲಿಯೇ ಇರುತ್ತದೆ. ಮೀಸೆಗೆ ಮಣ್ಣು ಸೋಕದಂತೆ ಬಿದ್ದವನು ಅಂಗಾತ ಬಿದ್ದವನು, ಅಂದರೆ ಚಿತ್ ಆದವನು. ಹೀಗಾಗಿ ಜಟ್ಟಿಯು ಕೊಚ್ಚಿಕೊಳ್ಳುವ ಸಂಗತಿಯೇ ಅವನ ಸೋಲಿಗೆ ಸಾಕ್ಷಿ. ಗಾದೆಯ ಕುಹಕವಿರುವುದು ಇಲ್ಲಿ. ಕುಸ್ತಿಯ ನಿಯಮ ಬಲ್ಲ ಕೇಳುಗನಿಗೆ ತಕ್ಷಣ ಹೊಳೆಯುತ್ತಿದ್ದ ಈ ಅರ್ಥ, ಗರಡಿಯನ್ನು ಕಾಣದ ತಲೆಮಾರಿಗೆ ಹೊಳೆಯುವುದಿಲ್ಲ. ಗರಡಿಮನೆಗಳು ಮುಚ್ಚಿದಾಗ ಒಂದು ವ್ಯಾಯಾಮ ಪದ್ಧತಿಯ ಜೊತೆಗೆ ಕನ್ನಡದ ಒಂದು ಅರ್ಥಲೋಕವೂ ಮುಚ್ಚಿಹೋಗುತ್ತದೆ ಎಂಬುದನ್ನು ಈ ದೃಷ್ಟಿಯಿಂದ ಪರಿಶೀಲಿಸಬೇಕಾಗಿದೆ.

ಇಂಥ ಪರಿಶೀಲನೆಗೆ ಹಾವೇರಿ ತಾಲೂಕಿನ ಕರ್ಜಗಿಯ ಸುತ್ತಲಿನ ಸೀಮೆ ತಕ್ಕ ಕ್ಷೇತ್ರವಾಗಿದೆ. ಬ್ರಿಟಿಷರ ಆಳ್ವಿಕೆಯಲ್ಲಿ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯ ಒಂದು ತಾಲೂಕಿಗೆ ಕರ್ಜಗಿಯದೇ ಹೆಸರಿತ್ತು. ಪಕ್ಕದಲ್ಲಿಯೇ ಸವಣೂರಿನ ನವಾಬರ ಸಂಸ್ಥಾನ. ದಕ್ಷಿಣಕ್ಕೆ ತುಂಗಭದ್ರೆಯನ್ನು ದಾಟಿದರೆ ಹಳೆಯ ಮೈಸೂರು ಸಂಸ್ಥಾನ. ಹೀಗಾಗಿ ಎರಡು ಕುಸ್ತಿ ಪರಂಪರೆಗಳ ಮಾತು ಇಲ್ಲಿ ಕೂಡಿಕೊಂಡಿದೆ. 'ಜಟ್ಟಿ', 'ಗರಡಿ', 'ಸಾಮು', 'ಪಟ್ಟು' ಎಂಬವು ಒಂದು ಪದರ. 'ಪೈಲ್ವಾನ', 'ಉಸ್ತಾದ', 'ತಾಲೀಮು', 'ಡಾವು', 'ಪೇಚು' ಎಂಬವು ಫಾರಸಿ, ಉರ್ದು, ಮರಾಠಿಗಳ ಮೂಲಕ ಬಂದ ಇನ್ನೊಂದು ಪದರ. ಹನುಮಂತದೇವರಿಗೆ ಕೈಮುಗಿದು ಮಟ್ಟಿಗೆ ಇಳಿಯುವ ಹುಡುಗನು ತನ್ನ ಗುರುವನ್ನು 'ಉಸ್ತಾದ' ಎಂದು ಕರೆಯುವುದರಲ್ಲಿ ಯಾರಿಗೂ ವಿರೋಧ ಕಂಡಿಲ್ಲ. ಭಾಷಾಶುದ್ಧಿಯ ಚರ್ಚೆ ನಡೆಸುವವರು ಗರಡಿಯ ಈ ಮಾತನ್ನು ಒಮ್ಮೆ ಕೇಳಿಸಿಕೊಳ್ಳಬೇಕಿತ್ತು.

ಪರಂಪರೆಯ ಪ್ರಾಚೀನತೆಯನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ವು 12ನೆಯ ಶತಮಾನದಲ್ಲಿಯೇ ಮಲ್ಲವಿನೋದವನ್ನು ವಿವರಿಸಿ, ಮಲ್ಲರಲ್ಲಿ ಜ್ಯೇಷ್ಠಿಕ ಮೊದಲಾದ ದರ್ಜೆಗಳನ್ನು ಗುರುತಿಸಿದೆ. 'ಜಟ್ಟಿ' ಎಂಬ ಪದವನ್ನು ಸಾಮಾನ್ಯವಾಗಿ ಈ 'ಜ್ಯೇಷ್ಠ' ಮೂಲಕ್ಕೆ ಜೋಡಿಸಲಾಗುತ್ತದೆ. ಹಂಪಿಯ ಮಹಾನವಮಿ ದಿಬ್ಬದ ಉಬ್ಬುಶಿಲ್ಪಗಳಲ್ಲಿ ಮಲ್ಲರಿದ್ದಾರೆ. ಮೈಸೂರು ಅರಮನೆಯ ವಿಜಯದಶಮಿಯ ವಜ್ರಮುಷ್ಟಿ ಕಾಳಗವು ಇಂದಿಗೂ ಎದುರಾಳಿಯ ತಲೆಯಿಂದ ಮೊದಲ ರಕ್ತ ಚಿಮ್ಮಿದೊಡನೆ ನಿಲ್ಲುತ್ತದೆ. ಕಾಳಗವು ಆಚರಣೆಯಾಗಿ ಉಳಿದಿದೆ. ಅದನ್ನು ಕಲಿಸುವ ಮನೆಗಳು ಮಾತ್ರ ಬೆರಳೆಣಿಕೆಯವು.

ಉತ್ತರ ಕರ್ನಾಟಕದ ಆಧುನಿಕ ಕುಸ್ತಿಗೆ ಕೊಲ್ಲಾಪುರದ ಪ್ರೇರಣೆ ದೊಡ್ಡದು. 1894ರಿಂದ 1922ರವರೆಗೆ ಆಳಿದ ಶಾಹೂ ಮಹಾರಾಜರು ಕುಸ್ತಿಗೆ ಕೊಟ್ಟ ಆಶ್ರಯದಿಂದಾಗಿ ಬೆಳಗಾವಿ, ವಿಜಯಪುರ, ಧಾರವಾಡ ಸೀಮೆಗಳ ಯುವಕರು ಅಲ್ಲಿಯ ತಾಲೀಮುಗಳಲ್ಲಿ ಪಳಗಿ ಬಂದರು. ಅವರೊಡನೆ ಪಟ್ಟುಗಳ ಹೆಸರುಗಳೂ ಬಂದವು: ಧೋಬಿ ಪಛಾಡ, ಢಾಕ, ಘಿಸ್ಸಾ, ಏಕಲಂಗಿ, ಕಲಾಜಂಗ. ಈ ಹೆಸರುಗಳು ಬರಿಯ ಗುರುತುಗಳಲ್ಲ. ಅಗಸನು ನೆನೆದ ಬಟ್ಟೆಯನ್ನು ಹೆಗಲ ಮೇಲಿಂದ ಬೀಸಿ ಕಲ್ಲಿಗೆ ಒಗೆಯುವುದನ್ನು ಕಂಡವನಿಗೆ 'ಧೋಬಿ ಪಛಾಡ'ವನ್ನು ಅರ್ಧ ಕಲಿಸಿದಂತೆಯೇ. ಎದುರಾಳಿಯ ತೋಳನ್ನು ಹಿಡಿದು, ಮೈಯನ್ನು ತಿರುವಿ, ಹೆಗಲ ಮೇಲಿಂದ ಅವನನ್ನು ಮುಂದಕ್ಕೆ ಕೆಡಹುವ ಕ್ರಮವು ಹೆಸರಿನಲ್ಲಿಯೇ ಅಡಗಿದೆ. ಪಠ್ಯವಿಲ್ಲದ ಈ ವಿದ್ಯೆಗೆ ಹೆಸರೇ ಪಠ್ಯ. ನಿಘಂಟು 'ಕುಸ್ತಿಯ ಒಂದು ಪಟ್ಟು' ಎಂದಷ್ಟೇ ಹೇಳಿ ಮುಗಿಸಿದರೆ ಪದ ಉಳಿದು ವಿದ್ಯೆ ಜಾರುತ್ತದೆ.

ಅವನತಿಯ ಕಾರಣಗಳು ಬಹುಮಟ್ಟಿಗೆ ತಿಳಿದಿರುವಂಥವೇ. ಸಂಸ್ಥಾನಗಳ ಆಶ್ರಯ ತಪ್ಪಿತು. ಹಾಲು, ತುಪ್ಪ, ಬಾದಾಮಿಯ ಖುರಾಕು ರೈತಾಪಿ ಕುಟುಂಬಗಳಿಗೆ ಭಾರವಾಯಿತು. ಊರಿನ ಹುಡುಗರು ಶಾಲೆ, ಕಾಲೇಜು, ಪೇಟೆಯ ದುಡಿಮೆ, ಜಿಮ್ಮುಗಳ ಕಡೆ ಹೊರಟರು. ಆದರೆ ಭಾಷೆಯ ದೃಷ್ಟಿಯಿಂದ ಹೆಚ್ಚಿನ ಪಲ್ಲಟ ತಂದದ್ದು ಮ್ಯಾಟು. ಮಣ್ಣಿನಲ್ಲಿ ಬೆಳೆದು 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಖಾಶಾಬಾ ಜಾಧವರ ಕಾಲದಿಂದಲೂ ಮ್ಯಾಟಿಗೆ ಹೊಂದಿಕೊಳ್ಳುವುದು ಭಾರತೀಯ ಪೈಲ್ವಾನರಿಗೆ ಅನಿವಾರ್ಯವಾಯಿತು. ಮ್ಯಾಟಿನ ಮೇಲೆ ಮೂರು ನಿಮಿಷಗಳ ಎರಡು ಸುತ್ತು. ಪ್ರತಿ ಚಲನೆಗೆ ಅಂಕ. ಚಿತ್ ಆಗದೆಯೂ ಸೋಲಬಹುದು. ಜಾತ್ರೆಯ 'ಜಂಗಿ ನಿಕಾಲಿ' ಕುಸ್ತಿಯಲ್ಲಾದರೋ ನಿಕಾಲಿ, ಅಂದರೆ ತೀರ್ಮಾನ, ಆಗುವವರೆಗೆ ಹೋರಾಟ. ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಷಿಣ ಬೆರೆಸಿ ಮಟ್ಟಿಯನ್ನು ಹದ ಮಾಡುವ ಕೆಲಸವೇ ಹುಡುಗರ ಮೊದಲ ಪಾಠವಾಗಿತ್ತು. ಮ್ಯಾಟು ಹದ ಬೇಡುವುದಿಲ್ಲ. ಹಾಗಾಗಿ ಹದಕ್ಕೆ ಸಂಬಂಧಿಸಿದ ಮಾತೂ ಬೇಡವಾಯಿತು. ಪದಕದ ಆಸೆಯುಳ್ಳ ಹುಡುಗನು ಮ್ಯಾಟನ್ನು ಆರಿಸಿಕೊಂಡರೆ ಅವನನ್ನು ದೂರುವಂತಿಲ್ಲ.

ಸಮರಕಲೆಯೊಂದು ಕ್ರೀಡೆಯಾಗಿ ಉಳಿಯುವಾಗ ಕುಗ್ಗುವುದಕ್ಕೆ ಸಿಖ್ಖರ ಗತ್ಕಾ ಹತ್ತಿರದ ಹೋಲಿಕೆ. 1849ರಲ್ಲಿ ಪಂಜಾಬು ಬ್ರಿಟಿಷರ ವಶವಾದ ಮೇಲೆ ಶಸ್ತ್ರವಿದ್ಯೆಯ ರಣರಂಗದ ನೆಲೆ ತಪ್ಪಿತು. ಅಭ್ಯಾಸದ ಕೋಲಿನ ಹೆಸರಾದ 'ಗತ್ಕಾ' ಎಂಬುದೇ ಕ್ರಮೇಣ ಆ ಕಲೆಗೆ ರೂಢಿಯ ಹೆಸರಾಯಿತು. ಗುರುನಾನಕ್ ಝೀರಾ ಇರುವ, ಪಂಚ ಪ್ಯಾರೆಗಳಲ್ಲೊಬ್ಬರಾದ ಭಾಯಿ ಸಾಹಿಬ್ ಸಿಂಗರ ಊರಾದ ಬೀದರಿನಿಂದಾಗಿ ಕನ್ನಡಿಗರಿಗೂ ಈ ಪರಂಪರೆ ಅಪರಿಚಿತವಲ್ಲ. 2022ರಲ್ಲಿ ಹರಿಯಾಣದಲ್ಲಿ ನಡೆದ ಖೇಲೋ ಇಂಡಿಯಾ ಯುವ ಕ್ರೀಡಾಕೂಟದಲ್ಲಿ ಗತ್ಕಾ, ಕಳರಿಪಯಟ್ಟು, ಥಾಂಗ್-ತಾ, ಮಲ್ಲಕಂಬಗಳಿಗೆ ಸ್ಥಾನ ದೊರೆಯಿತು. ಇದು ಲಾಭವೇ. ಆದರೆ ಅಂಕಕ್ಕೆ ಒಗ್ಗುವ ಭಾಗವಷ್ಟೇ ಇಲ್ಲಿ ಉಳಿಯುತ್ತದೆ.

ಕರ್ಜಗಿ ಸೀಮೆಯಲ್ಲಿಯೇ ಇದಕ್ಕೆ ವಿರುದ್ಧವಾದ ನಿದರ್ಶನವಿದೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಭಾಗದ ಕೊಬ್ಬರಿ ಹೋರಿ ಹಬ್ಬ ಕುಗ್ಗಿಲ್ಲ, ಬೆಳೆದಿದೆ. ದೀಪಾವಳಿ ಬಂತೆಂದರೆ ಹೋರಿಗಳಿಗೆ ಹೊಸ ಹೊಸ ಹೆಸರು, ಅಭಿಮಾನಿ ಬಳಗ. ಗಾಯ, ಸಾವುಗಳ ಆಕ್ಷೇಪವಿದ್ದರೂ ಜನ ಸೇರುತ್ತಾರೆ. ಹೋರಿ ಕಟ್ಟುವ ಮನೆ ಇನ್ನೂ ಇದೆ, ಸಾಮು ಮಾಡುವ ಮನೆ ಇಲ್ಲ ಎಂಬುದೇ ವ್ಯತ್ಯಾಸ. ಕಲೆಯ ಬದುಕು ಪ್ರದರ್ಶನಕ್ಕಿಂತ ದಿನನಿತ್ಯದ ಅಭ್ಯಾಸವನ್ನೇ ಹೆಚ್ಚು ಅವಲಂಬಿಸಿದೆ.

ಈ ಅಭ್ಯಾಸ ಕಳೆದ ಮೇಲೂ ಅದರ ಮಾತುಗಳು ಬೇರೆಡೆ ಬದುಕುತ್ತಿರುವುದು ವಿಚಿತ್ರ. ನಾಟಕದವರು ತಾಲೀಮು ಮಾಡುತ್ತಾರೆ. ದಸರೆಯ ಆನೆಗಳಿಗೂ ತಾಲೀಮು. ರಾಜಕಾರಣಿಗಳು ಪಟ್ಟು ಹಿಡಿಯುತ್ತಾರೆ, ತೊಡೆ ತಟ್ಟುತ್ತಾರೆ. ಕನ್ನಡ ವಿಭಾಗಗಳ ಅಭಿನಂದನ ಗ್ರಂಥಗಳಲ್ಲಿ 'ಇಂಥವರ ಗರಡಿಯಲ್ಲಿ ಪಳಗಿದವರು' ಎಂಬ ಮಾತಿಲ್ಲದ ಲೇಖನ ಅಪರೂಪ. ಗರಡಿಯ ಹೊಸ್ತಿಲನ್ನು ತುಳಿದವರು ಅವುಗಳಲ್ಲಿ ಎಷ್ಟು ಮಂದಿಯೋ!

ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಆರಂಭವಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಕರ್ಜಗಿಗೆ ದೂರವಲ್ಲ. ಗದೆ, ಜೋಡಿ, ಕರೇಲಗಳನ್ನು ಸಂಗ್ರಹಿಸುವುದು ಸುಲಭ. ಅವನ್ನು ಎತ್ತಿದ ಕೈಯ ಮಾತನ್ನು ಸಂಗ್ರಹಿಸುವುದಕ್ಕೆ ಕಾಲ ಕಡಿಮೆಯಿದೆ. ಪಟ್ಟಿನ ಹೆಸರು, ಆ ಪಟ್ಟಿನ ಚಲಚಿತ್ರ, ಉಸ್ತಾದನು ಕಲಿಸುವಾಗ ಆಡುವ ಮಾತು, ಈ ಮೂರನ್ನೂ ಒಟ್ಟಿಗೆ ದಾಖಲಿಸಿದ ಪದಕೋಶವೊಂದು ಸಿದ್ಧವಾಗಬೇಕು. ಮಾಜಿ ಪೈಲ್ವಾನರಿಗೆ ರಾಜ್ಯ ಸರಕಾರ ಮಾಸಾಶನ ನೀಡುತ್ತದೆ. ಆ ಫಲಾನುಭವಿಗಳ ಪಟ್ಟಿಯೇ ಕ್ಷೇತ್ರಕಾರ್ಯಕ್ಕೆ ಮೊದಲ ಆಧಾರವಾಗಬಲ್ಲುದು. ಪಟ್ಟಿಯಲ್ಲಿರುವವರೆಲ್ಲ ಮುಪ್ಪಿನವರು.